ಕೆಸರು ಒಣಗಲು ಬೇಕಾದ ದಿನಗಳು

ಅವರ ಪ್ಯಾಂಟಿನ ಬಲಗಾಲಿನ ಅಂಚನ್ನು ಬಟ್ಟೆ ಒಣಹಾಕುವ ಮರದ ಕ್ಲಿಪ್ಪೊಂದು ಸದಾ ಕಚ್ಚಿಕೊಂಡಿರುತ್ತಿತ್ತು. ಸೈಕಲ್ಲಿನ ಚೈನಿಗೆ ಬಟ್ಟೆ ಸಿಕ್ಕದಿರಲೆಂದು ಹಾಕಿಕೊಂಡದ್ದು, ಇಳಿದ ಮೇಲೂ ತೆಗೆಯಲು ನೆನಪಾಗುತ್ತಿರಲಿಲ್ಲ. ಆ ಕ್ಲಿಪ್ಪಿನೊಂದಿಗೇ ಆಫೀಸಿನಲ್ಲಿ ಕೂರುತ್ತಿದ್ದರು, ಮದುವೆ ಊಟಕ್ಕೆ ಹೋಗುತ್ತಿದ್ದರು. ಒಮ್ಮೆ ತೋಟದ ಸಾಹುಕಾರರ ತಾಯಿ ತೀರಿಕೊಂಡಾಗ ಹೆಣಕ್ಕೆ ಕೈಮುಗಿಯಲೂ ಹಾಗೆಯೇ ಹೋಗಿ ನಿಂತಿದ್ದರು. ಎಷ್ಟೋ ವರ್ಷ ಅದು ಉಜ್ಜಿ ಉಜ್ಜಿ ಕಣಕಾಲಿನ ಮೇಲೆ ನಾಲ್ಕಾಣೆ ಅಗಲದ ಜಾಗದಲ್ಲಿ ಕೂದಲೇ ಇರಲಿಲ್ಲ.

ಅವರು ನಮ್ಮ ಕಾಫಿ ತೋಟದ ರೈಟರು. ನಮ್ಮ ತೋಟ ಅನ್ನುವುದು ಅಭ್ಯಾಸಬಲ. ತೋಟ ಸಾಹುಕಾರರದು, ಆಲ್ದೂರಿನಿಂದ ಮೂಡಿಗೆರೆ ಕಡೆ ಹೋಗುವ ರಸ್ತೆಯಿಂದ ಮೂರು ಮೈಲಿ ಒಳಗೆ. ಅಲ್ಲಿನ ಕೂಲಿ ಲೈನಿನ, ಅಂದರೆ ಆಳುಗಳ ಸಾಲುಮನೆಗಳ, ಆರನೇ ಮನೆಯಲ್ಲಿ ನಾನೂ ಅಮ್ಮನೂ ಇದ್ದೆವು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದ. ರೈಟರ ಕೆಲಸ ಆಳುಗಳ ಹಾಜರಿ ಹಾಕುವುದು, ಮತ್ತೆ ದಿನಾ ಬೆಳಿಗ್ಗೆ ಎಂಟಕ್ಕೆ ಆಫೀಸಿನೆದುರಿನ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ನೋಡಿ ರಿಜಿಸ್ಟರಿನಲ್ಲಿ ಬರೆಯುವುದು. ಇಪ್ಪತ್ತೆಂಟು ವರ್ಷದ ಮಳೆ ಅವರ ಕೈಬರಹದಲ್ಲಿತ್ತು. ಫೆಬ್ರವರಿಯ ಸುಡುಬಿಸಿಲಲ್ಲೂ ಎಂಟಕ್ಕೆ ಸರಿಯಾಗಿ ಹೋಗಿ, ಮುಚ್ಚಳ ತೆಗೆದು, ಒಳಗೆ ಇಣುಕಿ, ವಾಪಸು ಬಂದು ಸೊನ್ನೆ ಬರೆಯುತ್ತಿದ್ದರು. "ನೋಡ್ದೆ ಬರ್ದ ಸೊನ್ನೆ ಸುಳ್ಳು ಕಣೇ" ಅನ್ನುವುದು ಅವರ ಮಾತು. ಈ ಮಾತಿಗೆ ನಾವೆಲ್ಲ ಬೆನ್ನ ಹಿಂದೆ ನಗುತ್ತಿದ್ದೆವು.

ಹೆಂಡತಿ ಮಕ್ಕಳಿರಲಿಲ್ಲ. ಹರೆಯದಲ್ಲಿ ರಾಜ್ಯದ ಸೈಕಲ್ ಓಟವೊಂದರಲ್ಲಿ ಮೂರನೆಯವರಾಗಿ ಬಂದಿದ್ದರಂತೆ. ಅದರ ಫೋಟೋ ಒಂದು ಅವರ ಬಿಡಾರದ ಗೋಡೆಯ ಮೇಲೆ ಗೆದ್ದಲು ಹಿಡಿದು ನೇತಾಡುತ್ತಿತ್ತು.

ನಾನು ಅವರ ಕಣ್ಣಿಗೆ ಬಿದ್ದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಪಿಯುಸಿಗೆ ಮೂಡಿಗೆರೆಗೆ ಹಳೇ ಸೈಕಲ್ಲಿನಲ್ಲಿ ಹೋಗಿಬರುತ್ತಿದ್ದಾಗ. ಒಂದು ಸಂಜೆ ಹ್ಯಾಂಡ್‌ಪೋಸ್ಟಿನ ಆಚೆಯ ಏರಿನಲ್ಲಿ ಅವರನ್ನು ಹಿಂದೆ ಹಾಕಿದೆ. ಅವರು ಹಿಂದಿನಿಂದ ಕೂಗಿದರು: "ಏಯ್ ಹುಡುಗಿ, ಏರಲ್ಲಿ ಎದ್ದು ನಿಲ್ದೆ ತುಳೀತೀಯಲ್ಲ, ಯಾರೇ ಹೇಳ್ಕೊಟ್ಟಿದ್ದು?"

"ಯಾರೂ ಇಲ್ಲ ರೈಟ್ರೇ. ಎದ್ದು ನಿಂತ್ರೆ ಚೈನ್ ಬೀಳ್ತದೆ."

ಅವರು ಸೈಕಲ್ ನಿಲ್ಲಿಸಿ ನಕ್ಕರು. ಅಷ್ಟು ನಕ್ಕದ್ದನ್ನು ಆಮೇಲೆ ನಾನು ಹೆಚ್ಚು ನೋಡಲಿಲ್ಲ. ತಿಂಗಳೊಳಗೆ ಚಿಕ್ಕಮಗಳೂರಿನಿಂದ ಯಾರೋ ಬಳಸಿ ಬಿಟ್ಟ ರೇಸಿಂಗ್ ಸೈಕಲ್ ಒಂದನ್ನು ತಂದು ನಮ್ಮ ಮನೆಯೆದುರು ಒರಗಿಸಿದರು. ಪ್ರತಿ ಜನವರಿಯ ಕೊನೆಗೆ ಚಿಕ್ಕಮಗಳೂರಿನಲ್ಲಿ ರಾಜ್ಯದ ತಂಡಕ್ಕೆ ಹೆಣ್ಣುಮಕ್ಕಳ ಆಯ್ಕೆ ನಡೆಯುತ್ತಿತ್ತು. ಊರಿನಿಂದ ಹೊರಟು ವಸ್ತಾರೆ ದಾಟಿ ಹೋಗಿ ತಿರುಗಿ ಬರುವ ಓಟ. ಮೊದಲ ಇಬ್ಬರಿಗೆ ತಂಡ. ತಂಡಕ್ಕೆ ಸೇರಿದವರಿಗೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸ ಸಿಗುತ್ತಿತ್ತು. ಅವರು ಅಮ್ಮನಿಗೆ ಹೇಳಿದ್ದು ಇಷ್ಟೇ: "ಇವ್ಳು ಈ ಲೈನಿಂದ ಹೊರಗೆ ಹೋಗೋಕೆ ಇದೊಂದು ದಾರಿ ಉಂಟು. ನಂಗೆ ಬೇರೆ ದಾರಿ ಕಾಣ್ಸಲ್ಲ." ಅಮ್ಮನಿಗೂ ಬೇರೆ ಕಾಣಿಸಿರಲಿಲ್ಲ.

ತರಬೇತಿ ಎಂದರೆ ಹಿಂದೆ ಜೀಪಿನಲ್ಲಿ ಬಂದು ಸೀಟಿ ಊದುವುದು ಎಂದುಕೊಂಡಿದ್ದೆ. ಇವರು ಒಂದು ಪುಸ್ತಕ ತಂದರು. ಮಳೆಯ ರಿಜಿಸ್ಟರಿನಂಥದೇ ಗೆರೆ ಹಾಕಿದ ಉದ್ದ ಪುಸ್ತಕ. ದಿನಾ ನಾನು ಎಷ್ಟು ನಿಮಿಷ ತುಳಿದೆ, ಒಂದರಿಂದ ಹತ್ತರೊಳಗೆ ಎಷ್ಟು ಕಷ್ಟವಾಯಿತು ಎಂದು ಹೇಳಬೇಕು. ಎರಡನ್ನೂ ಗುಣಿಸಿದರೆ ಆ ದಿನದ ಭಾರ. ತೊಂಬತ್ತು ನಿಮಿಷ, ಕಷ್ಟ ಐದು, ಅಂದರೆ ಭಾರ ನಾನೂರೈವತ್ತು. ಅದರ ಪಕ್ಕದಲ್ಲಿ ಇನ್ನೆರಡು ಕಲಂ. ಒಂದರ ತಲೆಯ ಮೇಲೆ ಒರತೆ ಎಂದು ಬರೆದಿದ್ದರು, ಇನ್ನೊಂದರ ಮೇಲೆ ಕೆಸರು.

ಇದೆಂಥದ್ದೆಂದು ಕೇಳಿದ್ದಕ್ಕೆ ನನ್ನನ್ನು ಆಫೀಸಿನ ಅಂಗಳಕ್ಕೆ ಕರೆದುಕೊಂಡು ಹೋದರು. ಹಿಂದಿನ ದಿನ ಜೋರು ಮಳೆಯಾಗಿತ್ತು.

"ಅಂಗಳ ನೋಡು. ಕಾಲಿಟ್ರೆ ಹೂತು ಹೋಗ್ತದೆ. ಇದು ನಿನ್ನೆ ಮಳೆ. ನಾಲ್ಕು ಬಿಸ್ಲು ಬಿದ್ರೆ ಒಣಗ್ತದೆ. ಈಗ ಕೆಳಗೆ ಹಳ್ಳದ ಒರತೆ ನೋಡು. ಅಲ್ಲಿ ಬರ್ತಿರೋ ನೀರು ನಿನ್ನೇದಲ್ಲ ಮಾರಾಯ್ತಿ, ತಿಂಗ್ಳ ಹಿಂದಿಂದು. ಮಳೆ ಒಂದೇ. ಮೇಲೆ ಕೆಸರು ಮಾಡ್ತದೆ, ಒಳಗೆ ಒರತೆ ತುಂಬ್ತದೆ. ನೀನು ತುಳಿಯೋದೂ ಹಾಗೆ. ಸುಸ್ತು ಬೇಗ ಬರ್ತದೆ, ಬೇಗ ಹೋಗ್ತದೆ. ಶಕ್ತಿ ನಿಧಾನ ಬರ್ತದೆ, ನಿಧಾನ ಹೋಗ್ತದೆ. ಒರತೆ ತುಂಬಿರ್ಬೇಕು, ಕೆಸರು ಒಣಗಿರ್ಬೇಕು. ಅಂಥ ದಿನ ಓಟಕ್ಕೆ ಹೋದ್ರೆ ಗೆಲ್ತೀಯ."

ಲೆಕ್ಕವೂ ಸರಳವೇ. ನಿನ್ನೆಯ ಒರತೆಗೂ ಇವತ್ತಿನ ಭಾರಕ್ಕೂ ಎಷ್ಟು ವ್ಯತ್ಯಾಸವೋ ಅದರ ನಲವತ್ತೆಂಟರಲ್ಲಿ ಒಂದು ಪಾಲನ್ನು ಒರತೆಗೆ ಸೇರಿಸುವುದು. ಭಾರ ಕಡಿಮೆಯಿದ್ದರೆ ಅಷ್ಟನ್ನೇ ಕಳೆಯುವುದು. ಕೆಸರಿಗೂ ಹೀಗೇ, ಆದರೆ ಏಳರಲ್ಲಿ ಒಂದು ಪಾಲು. ಒರತೆ ಇನ್ನೂರ ಹತ್ತಿದ್ದು ಆ ದಿನ ನಾನೂರೈವತ್ತರ ಭಾರ ಬಿದ್ದರೆ ಒರತೆ ಏರುವುದು ಬರೀ ಐದು. ಅದೇ ಭಾರಕ್ಕೆ ಇನ್ನೂರ ನಲವತ್ತಿದ್ದ ಕೆಸರು ಮೂವತ್ತು ಏರಿಬಿಡುತ್ತದೆ. ಒರತೆಯಿಂದ ಕೆಸರನ್ನು ಕಳೆದರೆ ನಾನು ಇವತ್ತು ಹೇಗಿದ್ದೇನೆ ಎಂಬುದು ಸಿಗುತ್ತದೆ. ಎಲ್ಲವನ್ನೂ ಅವರು ಬಾಯಲ್ಲೇ ಮಾಡುತ್ತಿದ್ದರು. ನಲವತ್ತೆಂಟೇ ಯಾಕೆ ಎಂದು ಕೇಳಿದೆ. "ಔಷಧಿಗೆ ಒಂದು ಮಂಡಲ ಹೇಳಲ್ವಾ? ಮೈ ಬದಲಾಗ್ಬೇಕಾದ್ರೆ ಅಷ್ಟು ದಿನ ಬೇಕು" ಅಂದರು. ಎಲ್ಲಿಯೋ ಓದಿದ್ದೋ, ತಾವೇ ಕಂಡುಕೊಂಡದ್ದೋ, ನಾನು ಕೇಳಲಿಲ್ಲ.

ಅದು ನಿಜವಾಗುತ್ತಿದ್ದುದನ್ನು ಕಂಡು ನನಗೆ ಹೆದರಿಕೆಯೇ ಆಗುತ್ತಿತ್ತು. ಪುಸ್ತಕ ಒಳ್ಳೆಯ ದಿನ ಎಂದರೆ ಅವತ್ತು ಬಾಳೂರಿನ ಏರು ಹಗುರ. ಕೆಟ್ಟ ದಿನ ಎಂದರೆ ಆಲ್ದೂರಿನವರೆಗೂ ಕಾಲು ಏಳುತ್ತಿರಲಿಲ್ಲ. ನವೆಂಬರ್ ಹೊತ್ತಿಗೆ ಒರತೆ ಇನ್ನೂರ ಐವತ್ತು ದಾಟಿತ್ತು. ಪಿಯುಸಿ ಮುಗಿಸಿದ್ದ ನಾನು ಆಗ ಪೂರ್ತಿ ತೋಟದ ಆಳು. ಕುಯ್ಲು ಶುರುವಾಯಿತು. ಬೆಳಿಗ್ಗೆ ಕತ್ತಲಿರುವಾಗಲೇ ಸೈಕಲ್, ಏಳಕ್ಕೆ ಸೊಂಟಕ್ಕೆ ಚೀಲ ಕಟ್ಟಿಕೊಂಡು ಕಾಫಿ ಹಣ್ಣು ಕೀಳಲು ಇಳಿದರೆ ಸಂಜೆ ನಾಲ್ಕೂವರೆ. ಆಮೇಲೆ ಮೂಟೆ ಹೊತ್ತು ರಸ್ತೆಗೆ ತಂದು ತೂಕಕ್ಕೆ ಇಡಬೇಕು. ಓಟಕ್ಕೆ ಮೊದಲಿನ ಎರಡು ವಾರ ರೈಟರು ನನ್ನ ಸೈಕಲ್ ಅರ್ಧಕ್ಕಿಳಿಸಿದರು. ಪುಸ್ತಕದಲ್ಲಿ ಕೆಸರು ಇಳಿಯುತ್ತಾ ಬಂತು. ಕೊನೆಯ ದಿನ ಪುಸ್ತಕ ಮುಚ್ಚಿ, "ಒಣಗಿದೆ. ಹೋಗು" ಅಂದರು.

ವಸ್ತಾರೆಗೆ ಹೋಗುವಾಗಲೇ ನನ್ನ ತೊಡೆಗಳು ಕಲ್ಲಾಗಿದ್ದವು. ವಾಪಸಾಗುವಾಗ ಒಬ್ಬೊಬ್ಬರೇ ದಾಟಿಕೊಂಡು ಹೋದರು. ಹನ್ನೊಂದು ಜನರಲ್ಲಿ ಒಂಬತ್ತನೆಯವಳಾಗಿ ಬಂದು ರಸ್ತೆಯ ಬದಿಗೆ ವಾಂತಿ ಮಾಡಿದೆ. ರೈಟರು ನನ್ನ ಮುಖಕ್ಕಿಂತ ಹೆಚ್ಚಾಗಿ ಕೈಯನ್ನು ನೋಡುತ್ತಿದ್ದರು. ಹಣ್ಣು ಕಿತ್ತೂ ಕಿತ್ತೂ ಬೆರಳ ತುದಿಗಳು ಕಪ್ಪಗೆ ಸೀಳಿದ್ದವು.

"ಕುಯ್ಲಿಗೆ ಎಷ್ಟು ಕಷ್ಟ ಅಂತ ಹಾಕ್ಬೇಕಿತ್ತು?" ಬಸ್ಸಿನಲ್ಲಿ ಕೇಳಿದರು.

ನನಗೆ ಪ್ರಶ್ನೆಯೇ ತಿಳಿಯಲಿಲ್ಲ. "ಅದಕ್ಕೆಂಥ ಹಾಕೋದು ರೈಟ್ರೇ? ಅದು ಕೆಲ್ಸ ಅಲ್ವಾ?"

ನಾನು ಹುಟ್ಟಿದ್ದೇ ಲೈನಿನಲ್ಲಿ. ಕುಯ್ಲನ್ನು ಕಷ್ಟ ಎಂದು ಯಾರೂ ಕರೆದದ್ದನ್ನು ಕೇಳಿರಲಿಲ್ಲ. ಬಿಸಿಲು, ಚಳಿ, ಕುಯ್ಲು, ಇವೆಲ್ಲ ಇರುವಂಥವು. ಅವರೂ ಇಪ್ಪತ್ತೆಂಟು ವರ್ಷ ಹಾಜರಿ ಹಾಕಿದ್ದರು, ಅವರಿಗೂ ಹೊಳೆದಿರಲಿಲ್ಲ. ಬಸ್ಸಿಳಿದು ತೋಟದ ಒಳದಾರಿಯಲ್ಲಿ ನಡೆಯುವಾಗ ಒಂದೇ ಮಾತು ಆಡಿದರು: "ನೋಡ್ದೆ ಸೊನ್ನೆ ಬರ್ದೆ ನಾನು."

ಮರುದಿನ ಬೆಳಿಗ್ಗೆ ಏಳಕ್ಕೆ ಅವರು ಸೊಂಟಕ್ಕೆ ಚೀಲ ಕಟ್ಟಿಕೊಂಡು ನನ್ನ ಸಾಲಿನ ಪಕ್ಕದ ಸಾಲಿಗೆ ಬಂದು ನಿಂತರು. ರೈಟರು ಹಣ್ಣು ಕೀಳುವುದು ಆ ತೋಟದಲ್ಲಿ ಯಾರೂ ಕಂಡಿದ್ದಲ್ಲ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿ ಓಡಿಬಂದ. "ಇದೆಂಥದು ರೈಟ್ರೇ, ಸಾವ್ಕಾರ್ರು ನೋಡಿದ್ರೆ ನಂಗೆ ಬೈತಾರೆ, ಮೇಲೆ ಬನ್ನಿ."

"ಇವತ್ತೊಂದಿನ ನಂಗೆ ರಜ ಮೇಸ್ತ್ರಿ. ರಜದಲ್ಲಿ ನಾನೆಂಥ ಬೇಕಾದ್ರೂ ಮಾಡ್ತೀನಿ" ಅಂದರು.

ಎಂಟಕ್ಕೆ ಮಾತ್ರ ಚೀಲ ಬಿಚ್ಚಿಟ್ಟು, ಏರು ಹತ್ತಿ ಹೋಗಿ, ಮಳೆಮಾಪಕ ನೋಡಿ ಸೊನ್ನೆ ಬರೆದು ಬಂದರು. ಇಡೀ ದಿನ ಇಳಿಜಾರಿನಲ್ಲಿ ಒಂದು ಕಾಲು ಮೇಲೆ ಒಂದು ಕೆಳಗೆ ಇಟ್ಟು, ಕೊಂಬೆ ಬಗ್ಗಿಸಿ ಹಿಡಿದು, ಕೆಂಪಿರುವೆ ಕಚ್ಚಿಸಿಕೊಂಡು ಕಿತ್ತರು. ಸಂಜೆ ನನ್ನ ಮೂಟೆಯನ್ನು ಒಂದು ಸಲ ತಾವೇ ಹೊತ್ತರು. ರಸ್ತೆಗೆ ಬಂದು ಮೂಟೆ ಇಳಿಸಿ ಕಲ್ಲಿನ ಮೇಲೆ ಕೂತು ಬಹಳ ಹೊತ್ತು ಉಸಿರು ಹುಡುಕಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದರು. "ಕೀಳೋದು ನಾಲ್ಕು. ಹೊರೋದು ಏಳು. ನಿಮಿಷಕ್ಕೆ ಗುಣಿಸಿದ್ರೆ ಎಲ್ಲ ಸೇರಿ ಎರಡು ಸಾವ್ರ. ನೀನು ವಾರ ಪೂರ್ತಿ ಸೈಕಲ್ ತುಳಿದ್ರೂ ಇಷ್ಟಾಗಲ್ಲ."

ಹೆಂಗಸರು ಮೂಟೆ ಹೊತ್ತು ಒಬ್ಬೊಬ್ಬರಾಗಿ ತೂಕದ ಹತ್ತಿರ ಬರುತ್ತಿದ್ದರು. ನನ್ನ ಅಮ್ಮ ಕೊನೆಯವಳು. ಅವರು ಅವಳನ್ನೇ ನೋಡುತ್ತಾ, "ಈ ಮಳೆ ಒರತೆಗೆ ಇಳಿಯೋದೇ ಇಲ್ಲ. ಬರೀ ಕೆಸರು" ಅಂದರು. ನನಗೆ ಹೇಳಿದಂತಿರಲಿಲ್ಲ.

ಮಾರನೇ ವರ್ಷ ಪುಸ್ತಕದಲ್ಲಿ ಕುಯ್ಲಿಗೊಂದು ಕಲಂ ಬಂತು. ಡಿಸೆಂಬರ್ ಕೊನೆಗೆ ಕೆಸರು ಎಷ್ಟಿತ್ತೆಂದರೆ ಅದು ಒಣಗಲು ಮೂರು ವಾರವಾದರೂ ಬೇಕೆಂದು ಅವರ ಲೆಕ್ಕ ಹೇಳಿತು. ಅಷ್ಟು ದಿನ ನಾನು ಹಣ್ಣು ಕೀಳಬಾರದು. ಆದರೆ ಕುಯ್ಲಿನ ಕಾಲದಲ್ಲಿ ಲೈನಿನ ಪ್ರತಿ ಮನೆಯಿಂದಲೂ ಇಬ್ಬರು ಸಾಲಿಗಿಳಿಯಬೇಕು. ಇಲ್ಲದಿದ್ದರೆ ಮನೆ ಖಾಲಿ ಮಾಡಿಸಿ ಬಯಲುಸೀಮೆಯಿಂದ ಬಂದ ಆಳುಗಳಿಗೆ ಕೊಡುತ್ತಾರೆ. ಮೇಸ್ತ್ರಿಯನ್ನು ಕೇಳಿದ್ದಾಯಿತು. "ಸಾಲು ಬೀಳು ಬಿಡೋ ಹಾಗಿಲ್ಲ. ಯಾರ್ ಕಿತ್ರೂ ಸರಿ, ಎರಡು ಸಾಲು ಮುಗೀಬೇಕು" ಅಂದ. ಎರಡನ್ನೂ ತಾನೇ ಕೀಳುತ್ತೇನೆಂದು ಅಮ್ಮ ಹೊರಟಳು. ಮೂರನೇ ದಿನ ಮೂಟೆಯ ಕೆಳಗೆ ಕುಸಿದು ಮಂಡಿ ಒಡೆದುಕೊಂಡಳು.

ಆ ಮರುದಿನದಿಂದ ಅಮ್ಮ ಕುಂಟುತ್ತಲೇ ತನ್ನ ಸಾಲಿಗೆ, ನನ್ನ ಸಾಲಿನಲ್ಲಿ ರೈಟರು. ಬೆಳಿಗ್ಗೆ ಏಳರಿಂದ ಹತ್ತು, ಮಧ್ಯಾಹ್ನ ಎರಡರಿಂದ ನಾಲ್ಕೂವರೆ, ನಡುವೆ ಆಫೀಸು. ಎಂಟಕ್ಕೆ ಮೇಲೆ ಹೋಗಿ ಸೊನ್ನೆ ನೋಡಿ ಬರುವುದು ತಪ್ಪಲಿಲ್ಲ. ಈ ಸಲ ಯಾರೂ ನಗಲಿಲ್ಲ. ಆ ಮಳೆಗಾಲದಲ್ಲಿ ಅವರಿಗೆ ಎದೆನೋವು ಬಂದು, ಚಿಕ್ಕಮಗಳೂರಿನ ಡಾಕ್ಟರು ಇನ್ನು ಏರು ಹತ್ತಬೇಡಿ ಎಂದಿದ್ದು ಇಡೀ ಲೈನಿಗೆ ಗೊತ್ತಿತ್ತು.

"ಬೇಡ ರೈಟ್ರೇ, ನೀವೆಂತಕ್ಕೆ?" ಎಂದು ಅಮ್ಮ ಅತ್ತಳು.

"ಒಂದು ಮನೇಲಿ ಮೂರು ಜನ ಬಿದ್ಕೊಳ್ಳೋದಕ್ಕಿಂತ ಒಬ್ಳಾದ್ರೂ ಎದ್ದು ಹೋಗ್ಲಿ" ಅಂದರು. ಒಂದು ಮನೆ ಎಂದಿದ್ದನ್ನು ನಾನು ಆಗ ಗಮನಿಸಲಿಲ್ಲ.

ಈಗ ನನ್ನ ಭಾಗ ಹೇಳಬೇಕು. ಹನ್ನೆರಡನೇ ದಿನವೋ ಹದಿಮೂರನೆಯದೋ, ಸೈಕಲ್ ಮುಗಿಸಿ ನೀರಿನ ಕ್ಯಾನು ಕೊಡಲು ಸಾಲಿಗೆ ಇಳಿದಿದ್ದೆ. ಅವರು ನೆರಳಿಗೆ ನೆಟ್ಟ ಒಂದು ಸಿಲ್ವರ್ ಮರಕ್ಕೆ ಒರಗಿ ಕೂತಿದ್ದರು. ತುಟಿ ಬೂದಿಬಣ್ಣಕ್ಕೆ ತಿರುಗಿತ್ತು. ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದರು.

"ಏನಾಗ್ತಿದೆ ರೈಟ್ರೇ?"

"ಕೆಸರು. ಒಣಗ್ತದೆ. ನೀನು ಬಿಸ್ಲಲ್ಲಿ ನಿಲ್ಬೇಡ, ಹೋಗು."

ನಾನು ಹೋದೆ. ಅವರ ಕೈಯಿಂದ ಚೀಲ ಕಿತ್ತುಕೊಂಡು ಸೊಂಟಕ್ಕೆ ಕಟ್ಟಿಕೊಳ್ಳಬಹುದಿತ್ತು. ಮೇಸ್ತ್ರಿಯನ್ನು ಕೂಗಬಹುದಿತ್ತು. ನನ್ನ ಕಾಲುಗಳು ಆ ವಾರ ಮೊದಲ ಬಾರಿಗೆ ಹಗುರವಾಗುತ್ತಿದ್ದವು, ಅದು ನನಗೆ ಬೇಕಿತ್ತು. ಅವರು ಹೇಳಿದ್ದನ್ನು ನಂಬಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಂಬಿರಲಿಲ್ಲ. ನಂಬಿದಂತೆ ಮಾಡಿದೆ.

ಅವರು ಒಟ್ಟು ಹತ್ತೊಂಬತ್ತು ದಿನ ಕಿತ್ತರು. ಇಪ್ಪತ್ತನೆಯ ದಿನ ಓಟ. ಅವತ್ತು ಅವರು ಬರಲಿಲ್ಲ, ಮೈ ಸರಿಯಿಲ್ಲ ಎಂದು ಹೇಳಿಕಳಿಸಿದ್ದರು. ಹಿಂತಿರುಗುವ ದಾರಿಯಲ್ಲಿ ಒಬ್ಬಳನ್ನು ಬಿಟ್ಟು ಎಲ್ಲರನ್ನೂ ದಾಟಿದೆ. ಎರಡನೆಯವಳಾಗಿ ಗೆರೆ ಮುಟ್ಟಿದಾಗ ಸುತ್ತ ಯಾರು ಚಪ್ಪಾಳೆ ತಟ್ಟಿದರೋ ಗೊತ್ತಿಲ್ಲ, ನನಗೆ ಆ ಕ್ಲಿಪ್ಪು ಕಚ್ಚಿದ ಪ್ಯಾಂಟು ಎಲ್ಲಿಯಾದರೂ ಕಾಣುತ್ತದೆಯೇ ಎಂದು ಹುಡುಕಿದ್ದಷ್ಟೇ ನೆನಪು.

ಸಂಜೆ ಬಿಡಾರಕ್ಕೆ ಹೋದರೆ ಚಾಪೆಯ ಮೇಲೆ ಗೋಡೆಗೆ ಒರಗಿದ್ದರು. ತಂಡಕ್ಕೆ ಸೇರಿದೆ ಎಂದೆ. ತಲೆಯಾಡಿಸಿದರು. "ಎಷ್ಟು ನಿಮಿಷ? ಕಷ್ಟ ಎಷ್ಟು?" ಎಂದು ಕೇಳಿ ಪುಸ್ತಕ ತರಿಸಿಕೊಂಡರು. ಕಷ್ಟ ಒಂಬತ್ತು ಅಂದೆ. ಬರೆದ ಅಂಕಿ ಗೆರೆ ದಾಟಿತು. "ಹತ್ತು ಆಗ್ಲಿಲ್ವಾ? ಹಾಗಾದ್ರೆ ಇನ್ನೂ ಸ್ವಲ್ಪ ಇತ್ತು ನಿನ್ನತ್ರ" ಅಂದರು. ನನ್ನೊಡನೆ ಅವರು ಆಡಿದ ಕೊನೆಯ ಪೂರ್ತಿ ಮಾತು ಅದು. ಮರುದಿನ ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದರು. ಓಟ ಮುಗಿದ ಒಂಬತ್ತನೇ ದಿನ ಬೆಳಿಗ್ಗೆ ಎಂಟರ ಸುಮಾರಿಗೆ ತೀರಿಕೊಂಡರು. ಆಸ್ಪತ್ರೆಯವರು ಬಟ್ಟೆಯ ಗಂಟಿನ ಜೊತೆ ಆ ಮರದ ಕ್ಲಿಪ್ಪನ್ನೂ ಕೊಟ್ಟರು.

ಬಿಡಾರ ಖಾಲಿ ಮಾಡುವಾಗ ಪುಸ್ತಕ ನನ್ನ ಪಾಲಿಗೆ ಬಂತು. ಕೊನೆಯ ಹಾಳೆಗಳಲ್ಲಿ ನನ್ನ ಕಲಂಗಳ ಪಕ್ಕ ಇನ್ನೂ ಎರಡು ಇದ್ದವು. ಒಂದು ಅಮ್ಮನದು. ಇನ್ನೊಂದರ ಮೇಲೆ ರೈಟರ್ ಎಂದಷ್ಟೇ ಬರೆದಿದ್ದರು. ಹತ್ತೊಂಬತ್ತು ದಿನವೂ ನನ್ನ ಕುಯ್ಲಿನ ಕಲಂನಲ್ಲಿ ಸೊನ್ನೆ, ಅದೇ ಸಾಲಿನಲ್ಲಿ ಅವರ ಕಲಂನಲ್ಲಿ ಸಾವಿರ, ಸಾವಿರದ ನೂರು. ನನ್ನ ಕೆಸರು ದಿನದಿನಕ್ಕೆ ಇಳಿದಿತ್ತು, ಅವರದು ಏರಿತ್ತು. ಯಾವ ಅಂಕಿಯನ್ನೂ ತಿದ್ದಿರಲಿಲ್ಲ. ತಮ್ಮದು ಎಲ್ಲಿಗೆ ಹೋಗುತ್ತಿದೆ ಎಂಬುದು ಅವರಿಗೆ ಪ್ರತಿ ಸಂಜೆ ಗೊತ್ತಿತ್ತು.

ನನಗೆ ಕೆಲಸ ಸಿಕ್ಕಿತು. ಅಮ್ಮನನ್ನು ಲೈನಿನಿಂದ ಕರೆದುಕೊಂಡು ಬಂದೆ. ಏಳೆಂಟು ವರ್ಷ ಓಡಿ, ಆಮೇಲೆ ಒಂದು ಕ್ರೀಡಾ ಹಾಸ್ಟೆಲಿನಲ್ಲಿ ಹುಡುಗಿಯರಿಗೆ ಸೈಕಲ್ ಕಲಿಸಲು ನಿಂತೆ. ಹೊಸದಾಗಿ ಬರುವ ಪ್ರತಿಯೊಬ್ಬಳನ್ನೂ ಮೊದಲು ಕೇಳುವುದು, ಮನೆಯಲ್ಲಿ ಏನು ಕೆಲಸ ಮಾಡುತ್ತೀಯ ಎಂದು. ಏನಿಲ್ಲ ಎನ್ನುತ್ತಾರೆ. ಎಷ್ಟು ಕೊಡ ನೀರು, ಎಷ್ಟು ದೂರದಿಂದ ಎಂದು ಬಿಡದೆ ಕೇಳುತ್ತೇನೆ.

ಎರಡು ಸಾವಿರದ ಎಂಟೋ ಒಂಬತ್ತೋ, ಜೊತೆಗಿದ್ದ ಹೊಸ ಕೋಚ್ ಹುಡುಗ ಲ್ಯಾಪ್‌ಟಾಪಿನಲ್ಲಿ ಒಂದು ಸಾಫ್ಟ್‌ವೇರ್ ತೋರಿಸಿದ. ದಿನದಿನದ ಭಾರ ತುಂಬಿದರೆ ಅದು ಮೂರು ಗೆರೆ ಎಳೆಯುತ್ತದೆ. "ಇದು ಫಿಟ್‌ನೆಸ್ ಮೇಡಂ, ನಿಧಾನ ಬದಲಾಗುತ್ತೆ, ನಲವತ್ತೆರಡು ದಿನದ ಲೆಕ್ಕ. ಇದು ಸುಸ್ತು, ಏಳು ದಿನದ್ದು. ಅದರಿಂದ ಇದನ್ನು ಕಳೆದ್ರೆ ಮೂರನೇದು, ರೇಸಿಗೆ ರೆಡಿ ಇದಾರಾ ಇಲ್ವಾ ಅಂತ."

"ನಲವತ್ತೆಂಟಲ್ವಾ?" ಅಂದೆ.

"ಇಲ್ಲ ಮೇಡಂ, ನಲವತ್ತೆರಡು. ಯಾಕೆ?"

ಆ ಭಾನುವಾರ ಪುಸ್ತಕ ತಂದು, ರೈಟರ ಕಲಂನ ಅಂಕಿಗಳನ್ನೆಲ್ಲ ಒಂದೊಂದಾಗಿ ಅದಕ್ಕೆ ತುಂಬಿದೆ. ಹೆಸರು ಕೇಳಿತು, ರೈಟರ್ ಎಂದು ಕೊಟ್ಟೆ. ಸುಸ್ತಿನ ಗೆರೆ ಹತ್ತೊಂಬತ್ತು ದಿನ ಗುಡ್ಡ ಹತ್ತಿದಂತೆ ಏರಿತು. ಕುಯ್ಲಿನ ಮಳೆ ಬರೀ ಕೆಸರು ಎಂಬುದು ಅದಕ್ಕೆ ಗೊತ್ತಿಲ್ಲ, ಶಕ್ತಿಯ ಗೆರೆಯೂ ಜೊತೆಗೆ ಮೇಲೆ ಹೋಯಿತು. ಆಮೇಲಿನ ದಿನಗಳಿಗೆ ಪುಸ್ತಕದಲ್ಲಿ ಏನೂ ಇರಲಿಲ್ಲ. ಖಾಲಿ ಬಿಟ್ಟಲ್ಲೆಲ್ಲ ಅದು ತಾನಾಗಿ ಸೊನ್ನೆ ಹಾಕಿಕೊಂಡಿತು. ಸುಸ್ತು ಸರಸರ ಇಳಿಯಿತು. ಮೂರನೇ ಗೆರೆ ಕೆಳಗಿನಿಂದ ಎದ್ದು, ಎಂಟನೇ ದಿನ ಸೊನ್ನೆಯನ್ನು ದಾಟಿ, ಏರುತ್ತಲೇ ಹೋಯಿತು.

ಓಟ ಮುಗಿದ ಒಂಬತ್ತನೇ ದಿನದ ಮೇಲೆ ಬೆರಳಿಟ್ಟೆ. ಪರದೆಯಲ್ಲಿ ಆ ದಿನದ ಚೌಕ ಹಸಿರಾಗಿತ್ತು. ಈ ಸವಾರರು ಪೂರ್ತಿ ವಿಶ್ರಾಂತಿ ಪಡೆದಿದ್ದಾರೆ, ಇವತ್ತು ಓಟಕ್ಕೆ ಸಿದ್ಧ ಎಂದು ಅದರಲ್ಲಿ ಬರೆದಿತ್ತು.